ತಲೆಬಾಗಿಲ ತಂಗಿ

ನಾಲ್ವರು ಗಂಡಸರು ಅಕ್ಕಯ್ಯಮ್ಮನ ಹೆಣವನ್ನು ಚಾಪೆಯ ಸಮೇತ ಎತ್ತಿ ಚಿಕ್ಕ ಬಾಗಿಲಿನ ಹೊಸಿಲಿನ ತನಕ ತಂದಿದ್ದರು. ಅಷ್ಟರಲ್ಲಿ ಅವಳ ಅಣ್ಣನ ಮಗ ಮುನಿನಾರಾಯಣಪ್ಪ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿದ.

"ಈ ಬಾಗ್ಲಿಂದ ಬ್ಯಾಡ. ಒಳಗಿಂದ ತಿರುಗ್ಸಿ ನಡುಮನೆಗೆ ತಗೊಂಡ್ಬನ್ನಿ. ತಲೆಬಾಗ್ಲಿಂದ ಆಚೆಗೆ ಓಗ್ಲಿ. ನಮ್ಮತ್ತೆ ಈ ಮನೆ ಮಗಳು."

ಹೊತ್ತವರು ಅಲ್ಲೇ ನಿಂತರು. ಬೀದಿಯಲ್ಲಿ ಚಟ್ಟ ಕಟ್ಟಿ ಮುಗಿದಿತ್ತು. ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಜಗಲಿಯ ಮೇಲೆ ಕುಳಿತಿದ್ದ ಪಟೇಲರು ಮೆಚ್ಚಿ ತಲೆಯಾಡಿಸಿದರು. ಪಕ್ಕದ ಮನೆಯ ಪಾಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗನಿಲ್ಲದ ಹೆಂಗಸಿಗೆ ಇಂಥ ಮರ್ಯಾದೆ ಸಿಕ್ಕಿತಲ್ಲ ಎಂದು ಪಕ್ಕದವಳಿಗೆ ಹೇಳಿದಳು.

ಅಕ್ಕಯ್ಯಮ್ಮನ ಮಗಳು ಕನಕಮ್ಮ ತಾಯಿಯ ಕಾಲಿನ ಕಡೆ ನಿಂತಿದ್ದಳು. ಆ ಮರ್ಯಾದೆ ಎಂಥದೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಬೌರಿಂಗ್‌ಪೇಟೆಯಿಂದ ಊರಿಗಾಮಿಗೆ ಹೋಗುವ ಗಾಡಿದಾರಿಯಲ್ಲಿ ನಿಂತು ನೋಡಿದರೆ ಅದು ಒಂದೇ ಮನೆ. ಉದ್ದಕ್ಕೂ ಒಂದೇ ಜಗಲಿ, ಒಂದೇ ಸಾಲಿನ ಕಲ್ಲುಕಂಬ, ಒಂದೇ ಎತ್ತರದ ಮಣ್ಣಿನ ಮಾಳಿಗೆ. ಬಾಗಿಲು ಮಾತ್ರ ಎರಡು. ದೊಡ್ಡದು ತಲೆಬಾಗಿಲು, ಶ್ರೀರಾಮಪ್ಪನ ಮನೆಯದು. ಅವನು ಸತ್ತ ಮೇಲೆ ಅದು ಮಗ ಮುನಿನಾರಾಯಣಪ್ಪನದಾಯಿತು. ಎಡಗಡೆಯ ಚಿಕ್ಕ ಬಾಗಿಲಿನ ಹಿಂದೆ ಎರಡು ಕೋಣೆ. ಅವನ್ನು ಶ್ರೀರಾಮಪ್ಪನ ತಂಗಿ ಅಕ್ಕಯ್ಯಮ್ಮ ಹಾಲು ಮಾರಿ ಕಟ್ಟಿದ್ದಳು. ಎರಡು ಮನೆಗಳ ನಡುವೆ ಒಳಗಿನಿಂದ ಓಡಾಡಲು ಒಂದು ಬಾಗಿಲಿತ್ತು.

ಕನಕಮ್ಮನ ಗಂಡ ಕೋದಂಡಪ್ಪನಿಗೆ ಊರಿಗಾಮಿನ ಚಿನ್ನದ ಗಣಿಯೊಳಗೆ ಇಳಿಯುವ ಶಕ್ತಿ ಉಳಿದಿರಲಿಲ್ಲ. ಕೆಮ್ಮು ಹಿಡಿದು ಕೆಲಸ ಬಿಟ್ಟಿದ್ದ. ಕೆಲಸ ಬಿಟ್ಟ ಮೇಲೆ ಗಣಿಯವರು ಕೊಟ್ಟಿದ್ದ ಲೈನಿನ ಮನೆಯನ್ನೂ ಬಿಡಬೇಕಾಗಿತ್ತು. ಮಗಳು ಅಳಿಯ ಬಂದು ತನ್ನ ಜೊತೆಯಲ್ಲೇ ಇರುತ್ತಾರೆ, ಆಮೇಲೆ ಆ ಕೋಣೆಗಳು ಅವರದೇ ಎಂದು ಅಕ್ಕಯ್ಯಮ್ಮ ಊರಿಗೆಲ್ಲ ಹೇಳಿಕೊಂಡಿದ್ದಳು. ಆಗ ಮುನಿನಾರಾಯಣಪ್ಪ ಏನೂ ಅಂದಿರಲಿಲ್ಲ. ಇವತ್ತು ಬೆಳಿಗ್ಗೆ, ಹೆಂಗಸರು ಹೆಣಕ್ಕೆ ನೀರು ಹಾಕುತ್ತಿದ್ದಾಗ, ಅವನು ಪಟೇಲರ ಪಕ್ಕದಲ್ಲಿ ಕುಳಿತು ಮೆಲ್ಲಗೆ ಬೇರೆ ಮಾತು ತೆಗೆದಿದ್ದ. ಮನೆಯೆಲ್ಲ ತಾತ ಕಟ್ಟಿಸಿದ್ದಂತೆ. ಅತ್ತೆಗೆ ಗತಿಯಿಲ್ಲವೆಂದು ಅಪ್ಪ ಎರಡು ಕೋಣೆ ಬಿಟ್ಟುಕೊಟ್ಟಿದ್ದನಂತೆ. ಕೊಟ್ಟ ಮನೆಗೆ ಹೋದ ಹೆಣ್ಣಿಗೆ ಸೋದರಮಾವನ ಮನೆಯಲ್ಲಿ ಏನು ಹಕ್ಕು ಎಂದು ಪಟೇಲರನ್ನೇ ಕೇಳಿದ್ದ. ಅದು ಕನಕಮ್ಮನ ಕಿವಿಗೂ ಬಿದ್ದಿತ್ತು. ಯುದ್ಧದ ಕಾಲ. ಬೆಲೆ ಏರಲೆಂದು ರಾಗಿ ಕೂಡಿಟ್ಟಿದ್ದ ಅವನಿಗೆ ಮೂಟೆ ಇಡಲು ಗಾಡಿದಾರಿಯ ಮಗ್ಗುಲಿನ ಆ ಕೋಣೆಗಳು ಬೇಕಿದ್ದವು.

ಹೆಣ ತಲೆಬಾಗಿಲಿನಿಂದ ಹೊರಟರೆ ಊರೇ ಸಾಕ್ಷಿಯಾಗುತ್ತದೆ. ಅಕ್ಕಯ್ಯಮ್ಮ ಅಣ್ಣನ ಮನೆಯಲ್ಲಿದ್ದಳು, ಅಣ್ಣನ ಮನೆಯಿಂದ ಹೋದಳು ಎನ್ನುತ್ತದೆ. ಅಲ್ಲಿಗೆ ಚಿಕ್ಕ ಬಾಗಿಲಿನ ಕತೆ ಮುಗಿಯುತ್ತದೆ.

"ಬ್ಯಾಡ," ಎಂದಳು ಕನಕಮ್ಮ. "ನಮ್ಮಮ್ಮ ಈ ಬಾಗ್ಲಿಂದ್ಲೇ ಓಗ್ತಾಳೆ."

*

ಗಣಿಯೊಳಗೆ ಬಂಡೆ ಬಿದ್ದು ಗಂಡ ಸತ್ತ ಮೇಲೆ ಅಕ್ಕಯ್ಯಮ್ಮ ಎಳೆ ಮಗು ಕನಕಮ್ಮನನ್ನು ಎತ್ತಿಕೊಂಡು ಅಣ್ಣನ ಮನೆಗೆ ಬಂದಿದ್ದಳು. ಅಣ್ಣ ಹಿತ್ತಿಲಿನಲ್ಲಿ ದನದ ಕೊಟ್ಟಿಗೆಯ ಪಕ್ಕ ಜಾಗ ತೋರಿಸಿದ. ಅವಳು ಒಂದು ಎಮ್ಮೆ ಕಟ್ಟಿದಳು, ಆಮೇಲೆ ಇನ್ನೊಂದು. ಕತ್ತಲಿರುವಾಗಲೇ ಎದ್ದು ಊರಿಗಾಮಿನ ಬಂಗಲೆಗಳಿಗೆ ಹಾಲು ಹೊತ್ತು ನಡೆಯುತ್ತಿದ್ದಳು.

ಮಗಳು ಬೆಳೆಯುತ್ತಿದ್ದಳು. ಮಳೆ ಬಂದರೆ ಗಂಜಲದ ನೀರು ಚಾಪೆಯ ಕೆಳಗೆ ಹರಿಯುತ್ತಿತ್ತು. ಅಕ್ಕಯ್ಯಮ್ಮ ಗಣಿಯ ಲೈನಿನ ಕಡೆಯಿಂದ ಹಳೆಯ ತಗಡು ತಂದು, ಅಣ್ಣನ ಮನೆಯ ಎಡಗೋಡೆಗೆ ಒಂದು ಮಾಡು ಇಳಿಸಿಕೊಳ್ಳುತ್ತೇನೆಂದು ಕೇಳಿದಳು. ಶ್ರೀರಾಮಪ್ಪನಿಗೆ ಸಿಟ್ಟು ಬಂತು. ತಂಗಿ ಕೊಟ್ಟಿಗೆಯಲ್ಲಿ ಮಲಗುವುದಕ್ಕೆ ಬಾರದ ಸಿಟ್ಟು ತಗಡಿಗೆ ಬಂತು.

"ನಮ್ಮಪ್ಪನ ಮನೆ ಮಗ್ಗುಲಿಗೆ ತಗಡು ಒಡೀತೀಯಾ? ದಾರೀಲಿ ಓಗೋರು ಏನಂತಾರೆ? ಕಟ್ಟೋದಾದ್ರೆ ಈ ಮನೆ ಎಂಗೈತೋ ಅಂಗೇ ಕಟ್ಟು. ಆಗ್ದಿದ್ರೆ ಸುಮ್ಕಿರು."

ಅದು ಬೇಡವೆಂದು ಹೇಳುವ ಒಂದು ರೀತಿ. ಹಾಲು ಮಾರುವ ವಿಧವೆ ಕಲ್ಲುಕಂಬ ನಿಲ್ಲಿಸುವುದುಂಟೇ ಎಂದು ಅವನು ಹಾಗಂದಿದ್ದ. ಅಕ್ಕಯ್ಯಮ್ಮ ಅದನ್ನು ಒಪ್ಪಿಗೆಯೆಂದೇ ಹಿಡಿದಳು.

ಅವತ್ತಿನಿಂದ ಅವಳು ಮನೆಗಳನ್ನು ನೋಡತೊಡಗಿದಳು. ಊರಿಗಾಮಿನ ದಿಣ್ಣೆಯ ಮೇಲೆ ಅವಳು ಹಾಲು ಹಾಕುತ್ತಿದ್ದ ಒಂದು ಕಲ್ಲು ಬಂಗಲೆಗೆ ಹೊಸದಾಗಿ ಊಟದ ಕೋಣೆ ಸೇರಿಸಿದ್ದರು. ರೇಷ್ಮೆ ಸೀರೆಗೆ ಗೋಣಿಯ ತೇಪೆ ಹಾಕಿದಂತಿತ್ತು. ಅದರಾಚೆಯ ಬಂಗಲೆಗೂ ಒಂದು ಕೋಣೆ ಸೇರಿಸಿದ್ದರಂತೆ. ಅಡುಗೆಯವನು ಹೇಳುವ ತನಕ ಅವಳಿಗೆ ಅದು ತಿಳಿದೇ ಇರಲಿಲ್ಲ. ಮಾಡಿನ ಇಳಿಜಾರು ಹಾಗೇ ಮುಂದುವರಿದಿತ್ತು, ವರಾಂಡದ ಮರದ ಕಟಕಟೆ ಕೂಡ ಹಾಗೇ. ಹಾಲಿನ ಪಾತ್ರೆ ಸೊಂಟದ ಮೇಲಿಟ್ಟುಕೊಂಡು ಅವಳು ಆ ಬಂಗಲೆಯ ಸುತ್ತ ನಡೆದು ನೋಡಿದಳು. ಕಳ್ಳಿ ಎಂದುಕೊಂಡು ಕಾವಲಿನವನು ಗದರಿಸಿದ.

ಮನೆಗೆ ಬಂದು ಅಪ್ಪನ ಮನೆಯನ್ನೂ ಹಾಗೇ ನೋಡಿದಳು. ಹುಟ್ಟಿ ಬೆಳೆದ ಮನೆ, ಆದರೆ ಅವತ್ತೇ ಮೊದಲು ಕಂಡಂತಿತ್ತು. ಗೋಡೆ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ತೆಳು. ಕಂಬಗಳ ಅಂಚನ್ನು ಕುಟ್ಟಿ ದುಂಡಗೆ ಮಾಡಿದ್ದರು. ಜಗಲಿ ಬೀದಿಯ ಕಡೆಗೆ ಒಂದಿಷ್ಟು ವಾಲಿತ್ತು, ಮಳೆಯ ನೀರು ನಿಲ್ಲದಿರಲೆಂದು.

ಕಟ್ಟಲು ಬಂದ ಗಾರೆ ಕೆಲಸದ ಆರುಮುಗಂ ಗಣಿಯ ಕಡೆ ಇಟ್ಟಿಗೆ, ಸುಣ್ಣ, ತೂಗುಗುಂಡಿನ ಕೆಲಸ ಮಾಡಿದವನು. ದಾರ ಬಿಟ್ಟು ನೆಟ್ಟಗೆ ಗೋಡೆ ಎಬ್ಬಿಸತೊಡಗಿದ. ಅಕ್ಕಯ್ಯಮ್ಮ ತಡೆದಳು.

"ಯಾಕಮ್ಮಾ, ನೇರಾ ಕಟ್ಟೋದು ತಪ್ಪಾ?" ಎಂದು ಅವನು ಕೇಳಿದ.

"ನಿನ್ ಗೋಡೆ ನೆಟ್ಟಗಿದ್ರೆ ನಮ್ಮಣ್ಣನ ಗೋಡೆ ಸೊಟ್ಟ ಕಾಣ್ತದೆ. ಅದು ಎಂಗೆ ವಾಲೈತೋ ಇದೂ ಅಂಗೇ ವಾಲ್ಲಿ."

ಆರುಮುಗಂ ಗೊಣಗಿಕೊಂಡೇ ಕೆಡವಿ ಕಟ್ಟಿದ. ಅಪ್ಪ ಮಣ್ಣು ತೆಗೆಸಿದ್ದ ಕೆರೆಯಂಗಳದಿಂದಲೇ ಅವಳು ಕೆಮ್ಮಣ್ಣು ಹೊರಿಸಿದಳು. ಅದೇ ಗುಡ್ಡದ ಬಂಡೆಯಿಂದ ಕಂಬ ಸೀಳಿಸಿದಳು. ಒಂದು ಮಳೆಗಾಲ ಕೆಲಸ ನಿಂತಿತು, ಮತ್ತೆ ಹಾಲು ಮಾರಿ ದುಡ್ಡು ಕೂಡಿಸಿಕೊಂಡು ಶುರು ಮಾಡಿದಳು. ಬಾಗಿಲು ಮಾಡಿಸುವಾಗ ಮಾತ್ರ ಅವಳು ಹಳೆಯದರ ಅಳತೆ ಕೊಡಲಿಲ್ಲ. ಒಂದು ಮುಖಕ್ಕೆ ಎರಡು ತಲೆಬಾಗಿಲು ಕೂಡದು, ಇದು ತಲೆಬಾಗಿಲ ತಂಗಿಯಂತಿರಲಿ ಎಂದಳು. ಅದೇ ಬಳ್ಳಿಯ ಕೆತ್ತನೆ, ಎಲೆಗಳು ಮಾತ್ರ ಕಡಿಮೆ.

ಎಲ್ಲ ಮುಗಿದು ಕೆಮ್ಮಣ್ಣು ಸುಣ್ಣ ಬಳಿದ ದಿನ ಶ್ರೀರಾಮಪ್ಪ ಬೌರಿಂಗ್‌ಪೇಟೆಯ ಸಂತೆಯಿಂದ ಬಂದ. ಗಾಡಿ ಇಳಿದವನು ದಾರಿಯಲ್ಲೇ ನಿಂತುಬಿಟ್ಟ. ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಅವನಿಗೂ ತಿಳಿಯಲಿಲ್ಲ. ಜಗಲಿಯ ಉದ್ದಕ್ಕೂ ನಡೆದು ನೋಡಿ, "ನಮ್ಮಪ್ಪನೇ ಕಟ್ಟಿದಂಗೈತೆ ಕಣಮ್ಮ," ಎಂದ.

ಅಕ್ಕಯ್ಯಮ್ಮನಿಗೆ ಬದುಕಿನಲ್ಲಿ ಸಿಕ್ಕ ಹೊಗಳಿಕೆ ಅದೊಂದೇ. ಅದನ್ನು ಅವಳು ಬಂದವರಿಗೆಲ್ಲ ಹೇಳಿದಳು.

*

ಈಗ ಆ ಮಾತನ್ನೇ ಮುನಿನಾರಾಯಣಪ್ಪ ಎತ್ತಿದ.

"ನಮ್ಮಪ್ಪ ಏಳ್ತಿರ್ಲಿಲ್ವಾ, 'ನಮ್ಮಪ್ಪನೇ ಕಟ್ಟಿದ್ದು' ಅಂತ? ನಮ್ಮತ್ತೇನೂ ಅದ್ನೇ ಏಳೋಳು. ನೀವೇ ಕೇಳಿಲ್ವಾ ಪಾಪಕ್ಕ?"

ಪಾಪಕ್ಕ ಗಲಿಬಿಲಿಗೊಂಡಳು. ಅಪ್ಪ ಕಟ್ಟಿದ ಹಾಗಿದೆ ಎಂದು ಅಕ್ಕಯ್ಯಮ್ಮ ಹೇಳುತ್ತಿದ್ದುದು ನಿಜ, ತಾನು ಕೇಳಿದ್ದೇನೆ ಎಂದಳು. ಮದುವೆಯಾಗಿ ತಾನು ಈ ಊರಿಗೆ ಬಂದಾಗಿನಿಂದ ಮನೆ ಹೀಗೇ ಇದೆ ಎಂದೂ ಸೇರಿಸಿದಳು. ಅವಳು ಸುಳ್ಳು ಹೇಳಲಿಲ್ಲ. ಕನಕಮ್ಮನಿಗೆ ಅದೇ ತಡೆಯಲಾರದ ಸಂಕಟವಾಯಿತು. ಯಾರೂ ಸುಳ್ಳು ಹೇಳದೆಯೇ ತಾಯಿಯ ಮನೆ ಕಣ್ಣೆದುರಿಗೇ ಕರಗಿ ಹೋಗುತ್ತಿತ್ತು.

ಕಟ್ಟುವುದನ್ನು ಕಂಡವರು ಯಾರಿದ್ದಾರೆಂದು ಅವಳು ಗುಂಪಿನಲ್ಲಿ ಹುಡುಕಿದಳು. ಆರುಮುಗಂ ಸತ್ತು ಎಷ್ಟೋ ಕಾಲವಾಗಿತ್ತು. ಈಗಿನ ಪಟೇಲರು ಆಗ ಓದಲು ಕೋಲಾರದಲ್ಲಿದ್ದರು. ಗೋಡೆಗಳು ಕೂಡುವ ಗುರುತನ್ನಾದರೂ ತೋರಿಸೋಣವೆಂದರೆ ಅದೂ ಇರಲಿಲ್ಲ. ಹಳೆಯ ಗೋಡೆಗೂ ಹೊಸ ಗೋಡೆಗೂ ನಡುವೆ ಪ್ರತಿ ಬೇಸಿಗೆಯಲ್ಲೂ ಕೂದಲೆಳೆಯಂಥ ಬಿರುಕು ಏಳುತ್ತಿತ್ತು. ಯುಗಾದಿ ಬಂತೆಂದರೆ ಅಕ್ಕಯ್ಯಮ್ಮ ಅದೇ ಕೆರೆಯ ಮಣ್ಣು ತಂದು, ಸೋಸಿ, ಬೆರಳಿನಿಂದ ತುಂಬಿ, ಕಾಣದ ಹಾಗೆ ಸಾರಿಸುತ್ತಿದ್ದಳು. ಈ ಸಲದ ಯುಗಾದಿಗೂ ಸಾರಿಸಿದ್ದಳು. ಕನಕಮ್ಮನಿಗೆ ತಾಯಿಯ ಮೇಲೂ ಸಿಟ್ಟು ಬಂತು. ಇವರ ಮನೆಯ ಅಂದ ಕೆಡದಿರಲೆಂದು ನಿನ್ನ ಗುರುತನ್ನು ನೀನೇ ಅಳಿಸಿಕೊಂಡೆಯಲ್ಲ ಎಂದು ಆ ತಣ್ಣನೆಯ ಪಾದಗಳಿಗೆ ಕೂಗಿ ಹೇಳಬೇಕೆನಿಸಿತು.

ಹೆಣ ಎತ್ತಿದ ಮೇಲೆ ಹೊಸಿಲಿನಲ್ಲಿ ನಿಲ್ಲಿಸಬಾರದೆಂದು ಯಾರೋ ಅವಸರ ಮಾಡಿದರು. ಪಟೇಲರು ಕನಕಮ್ಮನಿಗೆ ಬುದ್ಧಿ ಹೇಳಿದರು. ಬಾಗಿಲು ಯಾವುದಾದರೇನು, ಅವನು ಗೌರವದಿಂದಲೇ ಹೇಳುತ್ತಿದ್ದಾನೆ, ಮನೆಯ ಮಾತು ಆಮೇಲೆ ಕುಳಿತು ಆಡಬಹುದು ಎಂದರು. ಮುನಿನಾರಾಯಣಪ್ಪ ಬೆಂಕಿಯ ಮಡಕೆಯ ಕಡೆ ನೋಡಿದ. ತಾನು ಹೇಳಿದ ಬಾಗಿಲಿನಿಂದ ಹೋಗದಿದ್ದರೆ ಮಡಕೆ ಹಿಡಿಯುವುದಿಲ್ಲ, ಮಗನಿಲ್ಲದವಳಿಗೆ ಬೆಂಕಿ ಯಾರು ಇಡುತ್ತಾರೋ ಇಡಲಿ ಎಂದ.

ಜಗಲಿಯ ತುದಿಯಲ್ಲಿ ಕೋದಂಡಪ್ಪ ಬಾಯಿಗೆ ಟವೆಲು ಒತ್ತಿ ಕೆಮ್ಮುತ್ತಿದ್ದ. ಎಲ್ಲರೂ ಅವನನ್ನು ನೋಡಿ ಮತ್ತೆ ಮುನಿನಾರಾಯಣಪ್ಪನ ಕಡೆ ತಿರುಗಿದರು.

*

ತಲೆಬಾಗಿಲು ಅಕ್ಕಯ್ಯಮ್ಮನಿಗೆ ಮುಚ್ಚಿದ್ದು ಮುನಿನಾರಾಯಣಪ್ಪನಿಗೆ ಹೆಣ್ಣು ನೋಡಲು ಹೊರಟ ದಿನ. ಗಾಡಿ ಕಟ್ಟಿತ್ತು. ಅಕ್ಕಯ್ಯಮ್ಮ ನಡುಮನೆಯಿಂದ ಹೂವಿನ ತಟ್ಟೆ ಹಿಡಿದು ತಲೆಬಾಗಿಲಿಗೆ ಬಂದಳು. ಅವಳ ಅತ್ತಿಗೆ, ಶ್ರೀರಾಮಪ್ಪನ ಹೆಂಡತಿ ಚಿಕ್ಕವೆಂಕಟಮ್ಮ, ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಒಳ್ಳೇ ಕೆಲ್ಸಕ್ಕೆ ಓಗೋ ಒತ್ತು. ಮುಂಡೆ ಎದುರಿಗೆ ಬರಬಾರ್ದು ಅಂತ ಗೊತ್ತಿಲ್ವಾ? ನಿನ್ ಬಾಗ್ಲು ನಿನಗೈತೆ, ಅಲ್ಲೇ ಇರು."

ಅಕ್ಕಯ್ಯಮ್ಮ ಅಲ್ಲೇ ಇದ್ದಳು. ಆಮೇಲೆ ಮದುವೆಗೂ, ತೊಟ್ಟಿಲಿಗೂ, ಅಣ್ಣನ ಹೆಣ ಹೊರಟ ದಿನವೂ ಅವಳು ತಲೆಬಾಗಿಲು ದಾಟಲಿಲ್ಲ.

ಬದಲಿಗೆ ಅತ್ತಿಗೆ ನಾದಿನಿಯರು ಗೋಡೆಯ ಎರಡು ಮಗ್ಗುಲಿಂದ ಜಗಳವಾಡಿದರು. ನಿನ್ನ ಮಾಳಿಗೆಯ ನೀರು ನಮ್ಮ ಅಂಗಳಕ್ಕೆ ಬೀಳುತ್ತದೆ ಎಂದು ಒಬ್ಬಳು. ನಿನ್ನ ಒಲೆಯ ಹೊಗೆ ನನ್ನ ಕೋಣೆಗೆ ಬರುತ್ತದೆ ಎಂದು ಇನ್ನೊಬ್ಬಳು. ಎಮ್ಮೆಯನ್ನು ಜಗಲಿಯ ಕಂಬಕ್ಕೆ ಕಟ್ಟಿದ್ದಕ್ಕೆ, ಬೆಳಗಿನ ಜಾವ ಒನಕೆ ಕುಟ್ಟಿದ್ದಕ್ಕೆ, ಬೀದಿ ಗುಡಿಸಿ ಕಸವನ್ನು ಅತ್ತ ತಳ್ಳಿದ್ದಕ್ಕೆ, ಎಲ್ಲಕ್ಕೂ ಜಗಳ. ಊರಿನವರಿಗೆ ಅದು ಕೋಳಿ ಕೂಗಿದಷ್ಟೇ ಸಹಜವಾಗಿತ್ತು. ಒಂದು ಸಲ ಚಿಕ್ಕವೆಂಕಟಮ್ಮ ಜ್ವರ ಬಂದು ಮಲಗಿದಾಗ ಗೋಡೆಯಾಚೆ ಸದ್ದು ನಿಂತಿತು. ಅಕ್ಕಯ್ಯಮ್ಮ ಒನಕೆಯ ಬುಡದಿಂದ ಗೋಡೆಗೆ ಗುದ್ದಿ, ಇದ್ದೀಯೋ ಸತ್ತೆಯೋ ಎಂದು ಕೇಳಿದಳು. ಆಚೆಯಿಂದ ಸಣ್ಣ ದನಿಯಲ್ಲಿ ಒಂದು ಬೈಗುಳ ಬಂತು. ಆಮೇಲೆ ಅವಳು ಒಳಬಾಗಿಲಿನಿಂದ ಗಂಜಿ ಕಳುಹಿಸಿದಳು.

*

ಚಿಕ್ಕವೆಂಕಟಮ್ಮ ಬೆಳಿಗ್ಗೆಯಿಂದ ಒಳಬಾಗಿಲ ಪಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಅತ್ತಿರಲಿಲ್ಲ. ಮಗ ಮಡಕೆಯ ಮಾತು ಆಡಿದ್ದು ಕೇಳಿ ಗೋಡೆ ಹಿಡಿದು ಎದ್ದಳು. ಹೆಣ ಹೊತ್ತವರ ಪಕ್ಕದಲ್ಲಿ ನುಸುಳಿ ಹೊಸಿಲಿಗೆ ಬಂದಳು.

"ಕೈ ತೆಗೀಲಾ," ಎಂದಳು ಮಗನಿಗೆ.

ಅವನು ತೆಗೆಯಲಿಲ್ಲ. ನಿನಗೇನು ತಿಳಿಯುತ್ತದೆ, ಒಳಗೆ ಹೋಗಿ ಕೂತುಕೋ ಎಂದ.

"ನಂಗೆ ತಿಳೀದೆ ಇನ್ಯಾರಿಗೆ ತಿಳೀತದೆ? ಈ ಗೋಡೆ ಮೇಲೆ ಜಲ್ಮವೆಲ್ಲ ಜಗಳ ಆಡ್ದೋಳು ನಾನು. ಊರೆಲ್ಲ ಕೇಳೈತೆ. ಇದು ನಮ್ಮ ಮನೇನೇ ಆಗಿದ್ರೆ ನಮ್ಮ ಗೋಡೆ ಜೊತೆ ನಾನ್ಯಾಕಲಾ ಜಗಳ ಆಡ್ತಿದ್ದೆ?"

ಬೀದಿಯಲ್ಲಿ ಯಾರೋ ನಗು ತಡೆದುಕೊಂಡರು. ಮುದುಕಿ ಪಟೇಲರ ಕಡೆ ತಿರುಗಿದಳು.

"ಅವಳ ಮಾಳಿಗೆ ನೀರು ನಮ್ಮ ಅಂಗಳಕ್ಕೆ ಬೀಳ್ತದೆ ಅಂತ ನಿಮ್ಮಪ್ಪನತ್ರ ನ್ಯಾಯ ಆಕ್ಸಿದ್ದೆ. ನಿಮ್ಮಪ್ಪ ಇಲ್ಲೇ ನಿಂತ್ಕೊಂಡು, ಅಕ್ಕಯ್ಯಮ್ಮ, ನಿನ್ ಮನೆ ನೀರು ನಿನ್ ಕಡೇಗೇ ಬಿಟ್ಕೊ ಅಂದ್ರು. ನಿನ್ ಮನೆ ಅಂದ್ರು. ಏಳಪ್ಪ, ನಿಮ್ಮಪ್ಪ ಸುಳ್ಳು ನ್ಯಾಯ ಏಳಿದ್ರಾ?"

ಆ ನ್ಯಾಯದ ಮಾತನ್ನು ತಂದೆ ಮನೆಯಲ್ಲಿ ಹೇಳಿ ನಕ್ಕಿದ್ದುದು ಪಟೇಲರಿಗೆ ನೆನಪಿತ್ತು. ಗುಂಪಿನಲ್ಲಿ ಒಬ್ಬಿಬ್ಬರು ಮುದುಕರು ಹೌದು, ಮಾಳಿಗೆಯ ನೀರಿನ ದೋಣಿ ತಿರುಗಿಸಿದ್ದು ನಮಗೂ ಗೊತ್ತು ಎಂದರು. ಇಷ್ಟು ಹೊತ್ತು ಇವರ ಬಾಯಿ ಎಲ್ಲಿ ಹೋಗಿತ್ತು ಎಂದು ಕನಕಮ್ಮ ಅವರನ್ನೇ ದುರುಗುಟ್ಟಿ ನೋಡಿದಳು.

ಚಿಕ್ಕವೆಂಕಟಮ್ಮ ಇನ್ನೂ ಮುಗಿಸಿರಲಿಲ್ಲ. "ಬದುಕಿದ್ದಾಗ ಅವಳ್ನ ನಾವು ದೊಡ್ಡ ಬಾಗ್ಲಿಗೆ ಸೇರಿಸ್ಲಿಲ್ಲ. ಈಗ ಎಣಾನ ಅಲ್ಲಿಂದ ಮೆರೆಸ್ತೀಯಾ? ಅವಳಿಗೇನಾರಾ ತಿಳಿದಿದ್ರೆ ಎದ್ದು ನಿನ್ ಮೊಕಕ್ಕೆ ಉಗಿಯೋಳು. ಅವಳಿಲ್ಲ, ನಾನಿದೀನಿ."

ಮುನಿನಾರಾಯಣಪ್ಪ ಕೈ ಕೆಳಗಿಳಿಸಿದ. ಅವಮಾನದಿಂದ ಅವನ ಮುಖ ಕೆಂಪಾಗಿತ್ತು. ಯಾರ ಮುಖವನ್ನೂ ನೋಡದೆ ತಲೆಬಾಗಿಲಿನಿಂದ ಒಳಗೆ ಹೋದ.

ಅಕ್ಕಯ್ಯಮ್ಮನನ್ನು ಅವಳ ಬಾಗಿಲಿನಿಂದಲೇ ಹೊರಗೆ ತಂದರು. ಬೆಂಕಿಯ ಮಡಕೆಯ ಹಗ್ಗವನ್ನು ಕೋದಂಡಪ್ಪ ಹಿಡಿದ. ತಮಟೆ ಶುರುವಾಯಿತು. ಆದರೆ ಮಡಕೆಯ ಹೊಗೆ ಅವನ ಎದೆಗೆ ಹೋಗುತ್ತಿತ್ತು. ಸ್ವಲ್ಪ ದೂರ ನಡೆದು ನಿಲ್ಲುತ್ತಿದ್ದ. ಮಡಕೆಯನ್ನು ನೆಲಕ್ಕಿಟ್ಟು ಮೊಣಕಾಲು ಹಿಡಿದು ಕೆಮ್ಮುತ್ತಿದ್ದ. ಅವನು ನಿಂತಾಗ ಚಟ್ಟ ನಿಲ್ಲುತ್ತಿತ್ತು, ತಮಟೆಯೂ ನಿಲ್ಲುತ್ತಿತ್ತು. ಆ ಮೌನದಲ್ಲಿ ಅವನ ಕೆಮ್ಮೊಂದೇ ಕೇಳುತ್ತಿತ್ತು. ದಾಯಾದಿಗಳಲ್ಲಿ ಎಷ್ಟೋ ಗಟ್ಟಿ ಗಂಡಸರಿದ್ದರು. ಒಬ್ಬನೂ ಮುಂದೆ ಬಂದು ಕೊಡಪ್ಪ ಎನ್ನಲಿಲ್ಲ. ನಾಳೆ ಮುನಿನಾರಾಯಣಪ್ಪನ ಹತ್ತಿರ ರಾಗಿಗೆ ಹೋಗಬೇಕಾದವರು ಎಲ್ಲರೂ.

ಕೆರೆಯ ಏರಿಯ ತನಕ ಹೋಗಿ ಹೆಂಗಸರು ಹಿಂತಿರುಗಿದರು. ಕನಕಮ್ಮ ಅಲ್ಲಿ ನಿಂತು, ಗಂಡ ಬಾಗಿ ಏಳುತ್ತ ಏರಿಯಾಚೆ ಮರೆಯಾಗುವುದನ್ನು ನೋಡಿದಳು. ಪಾಪಕ್ಕ ಅವಳ ತೋಳು ಹಿಡಿದು, ನಾನು ಬೇಕೆಂದು ಹೇಳಲಿಲ್ಲ ಮಗಳೇ ಎಂದಳು. ಕನಕಮ್ಮ ತೋಳು ಬಿಡಿಸಿಕೊಂಡಳು. ಬಾವಿಯ ಹತ್ತಿರ ತಲೆಗೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಮನೆಗೆ ನಡೆದಳು.

ಚಿಕ್ಕ ಬಾಗಿಲು ತೆರೆದಿತ್ತು. ಮುಂದಿನ ಕೋಣೆಯಲ್ಲಿ, ಹೆಣ ಮಲಗಿಸಿದ್ದ ಜಾಗದಲ್ಲಿ, ರಾಗಿಯ ಮೂಟೆಗಳು ಗೋಡೆಗೆ ಒರಗಿ ನಿಂತಿದ್ದವು. ತಲೆಯ ಕಡೆ ಹಚ್ಚಿಟ್ಟಿದ್ದ ದೀಪವನ್ನು ಯಾರೋ ಮೂಲೆಗೆ ಸರಿಸಿದ್ದರು. ಊರು ಹೆಣದ ಹಿಂದೆ ಹೋಗಿದ್ದಾಗ ಮುನಿನಾರಾಯಣಪ್ಪ ಒಳಬಾಗಿಲಿನಿಂದ ಮೂಟೆ ಹೊರಿಸಿದ್ದ. ಹೊತ್ತು ತಂದ ಆಳುಗಳು ಈಗ ಕೈಕಟ್ಟಿ ಒಂದು ಮಗ್ಗುಲಿಗೆ ನಿಂತಿದ್ದರು. ನೆರವಾಗುವ ಧೈರ್ಯವೂ ಇಲ್ಲ, ತಡೆಯುವ ಧೈರ್ಯವೂ ಇಲ್ಲ.

ಚಿಕ್ಕವೆಂಕಟಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಮೂಟೆಯ ಕಿವಿ ಹಿಡಿದು ಒಳಬಾಗಿಲಿನ ಕಡೆಗೆ ಎಳೆಯುತ್ತಿದ್ದಳು. ಒಂದು ಗೇಣು ಎಳೆದು ಉಸಿರು ಬಿಡುವಳು, ಮತ್ತೆ ಒಂದು ಗೇಣು. ಬಾಗಿಲಿನಾಚೆ ನಡುಮನೆಯಲ್ಲಿ ನಿಂತಿದ್ದ ಮಗ, ಗೋಣಿ ಹರಿಯುತ್ತದೆ, ರಾಗಿ ಹಾಳಾಗುತ್ತದೆ ಎಂದು ಹೇಳುತ್ತಲೇ ಇದ್ದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕನಕಮ್ಮ ಬಂದದ್ದು ನೋಡಿ ತಲೆಯನ್ನೂ ಎತ್ತದೆ ಹೇಳಿದಳು:

"ಆ ಕಡೆ ಇಡ್ಕೊ."

ಕನಕಮ್ಮ ಬಾಗಿ ಇನ್ನೊಂದು ಕಿವಿ ಹಿಡಿದಳು. ಅವಳ ಕೂದಲಿನ ನೀರು ಗೋಣಿಯ ಮೇಲೆ ತೊಟ್ಟಿಕ್ಕಿತು. ಇಬ್ಬರೂ ಸೇರಿ ಎತ್ತಿ ಹೊಸಿಲು ದಾಟಿಸುವಾಗ ಗೋಣಿ ನಿಜವಾಗಿಯೂ ಹರಿಯಿತು. ರಾಗಿ ಹೊಸಿಲಿನ ಈಚೆಗೂ ಆಚೆಗೂ ಸುರಿದು, ಮುನಿನಾರಾಯಣಪ್ಪನ ಕಾಲಿನ ತನಕ ಹರಡಿತು. ಹೆಂಗಸರಿಬ್ಬರೂ ಅದನ್ನು ತುಳಿದುಕೊಂಡೇ ಹಿಂದಕ್ಕೆ ಬಂದು, ಮುಂದಿನ ಮೂಟೆಗೆ ಕೈಹಾಕಿದರು.